ಹಗಲು ಫೋನ್ ಇಲ್ಲ, ಮಗಳಿಗೆ ಸ್ಟಾರೂ ಇಲ್ಲ

ಪ್ರಶ್ನೆ: ನಾವು ಸಿಂಧನೂರಿನವರು. ಮಗಳು ಮೂರನೇ ಕ್ಲಾಸು, ಮಗನಿಗೆ ಐದು ವರ್ಷ. ಇರುವುದು ಒಂದೇ ಸ್ಮಾರ್ಟ್‌ಫೋನ್. ಅದು ಯಜಮಾನರ ಜೊತೆ ರೈಸ್ ಮಿಲ್ಲಿಗೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತದೆ. ಆನ್‌ಲೈನ್ ಕ್ಲಾಸಿಗೆ ಬಂದು, ಸಂಜೆ ಆರರೊಳಗೆ ಹೋಂವರ್ಕ್ ಫೋಟೋ ಹಾಕಿದವರಿಗೆ ಮಿಸ್ ಗ್ರೂಪಿನಲ್ಲಿ ಸ್ಟಾರ್ ಕೊಡುತ್ತಾರೆ. ನಮ್ಮವಳಿಗೆ ಒಂದೂ ಬಂದಿಲ್ಲ. "ಅವ್ವಾ, ನಾ ದಡ್ಡಿ ಏನು?" ಎಂದು ಅತ್ತಳು. ಸಮಾಧಾನಕ್ಕೆ ದಿನಾ ಚಾಕಲೇಟ್ ಕೊಟ್ಟೆ. ಈಗ ಅದಿಲ್ಲದೆ ಪುಸ್ತಕ ಮುಟ್ಟುವುದಿಲ್ಲ. ತಮ್ಮನೂ ಹಟ ಹಿಡಿಯುತ್ತಾನೆ. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಅವಳೇ ಕೆಂಪು ಪೆನ್ನಿನಲ್ಲಿ ಸ್ಟಾರ್ ಬರೆದುಕೊಂಡಿದ್ದಾಳೆ. ಮಿಸ್‌ಗೆ ಹೇಳಲಾ? ಮಗಳ ಮೇಲೆ ಸಿಟ್ಟಾದರೆ?

ಉತ್ತರ: ತಂಗಿ, ಆ ಕೆಂಪು ಸ್ಟಾರ್‌ಗಳ ಹತ್ತಿರವೇ ನನ್ನ ಮನಸ್ಸು ನಿಂತುಬಿಟ್ಟಿತು. ಅದಕ್ಕೆ ಬೈಯಬೇಡಿ. ತಾನು ಓದಿದ್ದು ಯಾರಿಗೂ ಕಾಣಲಿಲ್ಲ ಅಂತ ಅವಳೇ ಲೆಕ್ಕ ಇಟ್ಟುಕೊಂಡಿದ್ದಾಳೆ. ಇವತ್ತು ಪಕ್ಕ ಕೂತು, ಒಂದೊಂದರ ಮೇಲೂ ಬೆರಳಿಟ್ಟು "ಇದು ಯಾವುದಕ್ಕೆ?" ಎಂದು ಕೇಳಿ.

ಮಿಸ್ ಕೊಡುವ ಸ್ಟಾರ್ ಹೋಗುತ್ತಿರುವುದು ಹಗಲಲ್ಲಿ ಫೋನ್ ಇರುವ ಮನೆಗಳಿಗೆ. ಎಂಟು ವರ್ಷದ ಮಗುವಿಗೆ ಇದು ತಿಳಿಯುವುದಿಲ್ಲ, ತಾನೇ ದಡ್ಡಿ ಅಂದುಕೊಳ್ಳುತ್ತದೆ. ಇದು ಅನ್ಯಾಯವೇ. ಕೊರೋನಾಕ್ಕೆ ಶಾಲೆ ಮುಚ್ಚಿದ್ದ 2020ರ ಜೂನ್‌ನಲ್ಲಿ ಸರ್ಕಾರವೇ ಐದನೇ ತರಗತಿವರೆಗೆ ಆನ್‌ಲೈನ್ ಕ್ಲಾಸ್ ಬೇಡ ಎಂದಿತ್ತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸಣ್ಣ ಮಕ್ಕಳ ವಿಷಯದಲ್ಲಿ ದೊಡ್ಡವರಿಗೇ ಇಷ್ಟು ಗೊಂದಲ ಇದ್ದಾಗ, ಹಾಜರಿಗೆ ಬಹುಮಾನ ಇಡುವ ಮುಂಚೆ ಇನ್ನೊಂದಿಷ್ಟು ಯೋಚಿಸಬೇಕಿತ್ತು.

ಹಾಗಾಗಿ ಹೇಳಿ. ಗ್ರೂಪಿನಲ್ಲಿ ಬೇಡ, ಎಲ್ಲರ ಮುಂದೆ ಮಿಸ್‌ಗೆ ಮುಜುಗರ ಆಗುತ್ತದೆ. ಯಜಮಾನರು ಬಂದ ಮೇಲೆ ಫೋನ್ ಮಾಡಿ. "ಮಿಸ್, ನಮ್ಮನ್ಯಾಗ ಫೋನ್ ರಾತ್ರಿನ ಸಿಗೋದು. ಹೋಂವರ್ಕ್ ದಿನಾ ಮಾಡ್ತಾಳ. ಒಂಬತ್ತರ ತನಕ ಫೋಟೋ ಹಾಕಿದ್ರ ನಡೀತದೇನ್ರಿ?" ಇಷ್ಟು ಸಾಕು. ಅಷ್ಟು ಮಕ್ಕಳ ಫೋಟೋ ನೋಡುವವರಿಗೆ ಯಾರ ಮನೆಯಲ್ಲಿ ಎಷ್ಟು ಫೋನ್ ಅಂತ ಗೊತ್ತಿರಲಿಕ್ಕಿಲ್ಲ, ಅಲ್ವಾ?

ಇನ್ನು ಚಾಕಲೇಟ್. 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದೆಂದರೆ ಇಷ್ಟಪಡುವ ನರ್ಸರಿ ಮಕ್ಕಳನ್ನು ಗಮನಿಸಿದರು. "ಬರೆದರೆ ಬಹುಮಾನ" ಎಂದು ಮೊದಲೇ ಹೇಳಿ ಕೊಟ್ಟ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದು ಕಮ್ಮಿಯಾಯಿತು. ಹೇಳದೆ ಸುಮ್ನೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ನಿಮ್ಮ ಮನೆಯಲ್ಲೂ ಇದೇ ನಡೆದಿರಬಹುದು. ಆದರೆ ಒಮ್ಮೆಲೇ ನಿಲ್ಲಿಸಿದರೆ ಅವಳಿಗೆ ಮೋಸ ಅನಿಸುತ್ತದೆ. "ಭಾನುವಾರದ ತನಕ ಕೊಡ್ತೀನಿ, ಆಮೇಲೆ ಇಲ್ಲ. ಶುರು ಮಾಡಿದ್ದು ನನ್ನ ತಪ್ಪು" ಎಂದು ಬಿಡಿಸಿ ಹೇಳಿ. ಬದಲಿಗೆ ದಿನಾ ಹತ್ತು ನಿಮಿಷ ಅವಳೇ ನಿಮಗೆ ಟೀಚರ್ ಆಗಲಿ. ನೀವು ಬೇಕಂತಲೇ ಒಂದು ಲೆಕ್ಕ ತಪ್ಪು ಮಾಡಿ, ಅವಳು ತಿದ್ದುವ ಚಂದ ನೋಡಿ. ಮನಸ್ಸು ಬಂದ ದಿನ ಮಂಡಾಳು ಒಗ್ಗರಣಿ, ಮಿರ್ಚಿ ಮಾಡಿ ಎಲ್ಲರೂ ಕೂಡಿ ತಿನ್ನಿ. ಅದನ್ನು ಯಾವ ಹೋಂವರ್ಕಿಗೂ ಗಂಟು ಹಾಕಬೇಡಿ.

ಚಿಕ್ಕವನಿಗೆ ಸಮ ಅಂದರೆ ಎಣಿಕೆಯಲ್ಲಿ ಸಮ. ಅಕ್ಕನಿಗೆ ಒಂದಾದರೆ ತನಗೂ ಒಂದು. ಚಾಕಲೇಟ್ ನಿಂತರೆ ಅರ್ಧ ಜಗಳ ನಿಲ್ಲುತ್ತದೆ. ಅಕ್ಕ ಪಾಠ ಹೇಳುವಾಗ ಅವನೂ ಸ್ಲೇಟು ಹಿಡಿದು ಕೂರಲಿ.

ಮಿಸ್ ಒಪ್ಪದಿದ್ದರೆ ಮತ್ತೆ ಬರೆಯಿರಿ. ಹೆಡ್‌ಮಾಸ್ತರರಿಗೆ ಕೊಡುವ ಪತ್ರವನ್ನು ನಾವಿಬ್ಬರೂ ಕೂಡಿ ಬರೆಯೋಣ.