ಗಲಾಟೆ ನಿಂತ್ರೂ ಮಗುವಿನ ಭಯ ಯಾಕೆ ನಿಲ್ಲಲ್ಲ? ಬಾಲ್ಯದ ಆಘಾತದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ತುಂಬಾನೇ ಒಂದೇ ವಿಷಯದ ಸುತ್ತ ಇದ್ವು, ಚಿಕ್ಕ ವಯಸ್ಸಲ್ಲಿ ಕಂಡ ಹಿಂಸೆ, ಹೆದರಿಕೆ, ಯಾರೂ ಕೇಳೋರಿಲ್ಲದ ನೋವು, ಅದು ಆಮೇಲೆ ಏನೇನು ಮಾಡತ್ತೆ ಅಂತ. ಹಾಗಾಗಿ ಉಳಿದಿದ್ದನ್ನ ಮುಂದಿನ ಸಲಕ್ಕೆ ಇಟ್ಟು ಇದನ್ನೇ ತಗೊಂಡಿದೀನಿ. ಗುರುತು ಸಿಗೋ ವಿವರ ಎಲ್ಲಾ ತೆಗೆದು ಪತ್ರಗಳನ್ನ ಚಿಕ್ಕದು ಮಾಡಿದೀನಿ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಏಳು ವರ್ಷ. ಅವಳು ಹುಟ್ಟಿದಾಗಿಂದ ಮನೇಲಿ ಜಗಳ, ಅವಳಪ್ಪ ನನ್ನ ಮೇಲೆ ಕೈ ಮಾಡೋರು, ಆದ್ರೆ ಅವಳಿಗೆ ಯಾವತ್ತೂ ಒಂದೇಟೂ ಹಾಕಿಲ್ಲ. ಹೋದ ವರ್ಷ ಅವಳನ್ನ ಕರ್ಕೊಂಡು ಬೇರೆ ಬಂದೆ, ಈಗ ಮನೆ ಶಾಂತವಾಗಿದೆ. ಆದ್ರೂ ಪಾತ್ರೆ ಬಿದ್ರೆ ಸಾಕು ಬೆಚ್ಚಿಬೀಳ್ತಾಳೆ, ಹಾಸಿಗೇಲಿ ಉಚ್ಚೆ ಮಾಡೋದು ನಿಂತಿತ್ತು, ಮತ್ತೆ ಶುರುವಾಗಿದೆ, ಬೆಳಗ್ಗೆ ಎದ್ರೆ ಹೊಟ್ಟೆನೋವು ಅಂತಾಳೆ. ಚಿಕ್ಕವಳು ಮರೆತುಬಿಡ್ತಾಳೆ ಅಂತಾರೆ ಎಲ್ಲಾ. ಅವಳಿಗೆ ಯಾರೂ ಏನೂ ಮಾಡೇ ಇಲ್ವಲ್ಲ, ಯಾಕೆ ಹೀಗೆ?

ಉತ್ತರ: ಮೊದಲು ಒಂದು ಮಾತು, ಅವಳಿಗೆ ಬೇಕಾಗಿದ್ದ ದೊಡ್ಡ ಚಿಕಿತ್ಸೆ ನೀವು ಆಗಲೇ ಕೊಟ್ಟಿದೀರ, ಅವಳನ್ನ ಆ ಮನೆಯಿಂದ ಹೊರಗೆ ತಂದಿದೀರ. ಅದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತು.

ಈಗ ಅವಳಿಗೆ ಯಾರೂ ಏನೂ ಮಾಡಿಲ್ಲ ಅನ್ನೋ ಮಾತು. ಚಿಕ್ಕ ಮಗು ಹೆದರಿದಾಗ ಓಡಿ ಹೋಗೋದು ಅಮ್ಮನ ಹತ್ರ. ಆ ಅಮ್ಮನೇ ಏಟು ತಿಂತಾ ಅಳ್ತಾ ಇದ್ರೆ ಮಗು ಎಲ್ಲಿಗೆ ಓಡ್ಬೇಕು ಹೇಳಿ? ಮೈ ಮೇಲೆ ಒಂದು ಗೆರೆ ಬೀಳದೇನೇ ಮಗು ಆ ಹೊಡೆತದ ಒಳಗೇ ಬೆಳೆದಿರತ್ತೆ. ನೋಡಿದ ಹಿಂಸೆನೂ ಮಗುವಿನ ಮಟ್ಟಿಗೆ ಹಿಂಸೆನೇ, ಇದನ್ನ ದೊಡ್ಡವರು ಒಪ್ಕೊಳ್ಳೋದೇ ಇಲ್ಲ, ನನಗೆ ಅದೇ ಬೇಜಾರು.

ಒಳಗೆ ಆಗೋದು ಏನಂದ್ರೆ, ಅಪಾಯ ಅನ್ನಿಸಿದ ತಕ್ಷಣ ಮಿದುಳಿನ ಅಮಿಗ್ಡಲ ಅನ್ನೋ ಭಾಗ ಎಚ್ಚರಿಕೆ ಕೊಡತ್ತೆ, ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನ್‌ಗಳು ರಕ್ತಕ್ಕೆ ಬರತ್ವೆ, ಎದೆ ಬಡ್ಕೊಳತ್ತೆ, ಸ್ನಾಯು ಬಿಗಿಯಾಗತ್ತೆ, ಹೊಟ್ಟೆ ಕೆಲಸ ನಿಧಾನ ಆಗತ್ತೆ. ಅಪಾಯ ಹೋದ ಮೇಲೆ ಇದೆಲ್ಲಾ ಇಳೀಬೇಕು. ಪುಟ್ಟ ಮಗುಗೆ ತಾನಾಗೇ ಇಳಿಸ್ಕೊಳ್ಳೋಕೆ ಬರಲ್ಲ, ದೊಡ್ಡವರು ಎತ್ಕೊಂಡು ಸಮಾಧಾನ ಮಾಡಿದಾಗಲೇ ಇಳಿಯೋದು. ನಿಮ್ಮ ಮಗಳ ವಿಷಯದಲ್ಲಿ ಅಪಾಯ ದಿನಾ ಬರ್ತಿತ್ತು, ಸಮಾಧಾನ ಮಾಡೋರಿಗೇ ಪೆಟ್ಟಾಗಿರ್ತಿತ್ತು. ವರ್ಷಗಟ್ಟಲೆ ಹೀಗಾದ್ರೆ ಆ ಮಗುವಿನ ಮೈ ನಿಂತಲ್ಲೇ ಇಂಜಿನ್ ಓಡ್ತಾ ಇರೋ ಗಾಡಿ ಥರ ಆಗಿಬಿಡತ್ತೆ, ಎಲ್ಲೂ ಹೋಗ್ತಿಲ್ಲ ಆದ್ರೆ ಒಳಗೆ ಸವೀತಾ ಇರತ್ತೆ. ಇದನ್ನೇ ಟಾಕ್ಸಿಕ್ ಸ್ಟ್ರೆಸ್, ಅಂದ್ರೆ ವಿಷವಾಗೋ ಒತ್ತಡ ಅನ್ನೋದು. ಮನೆ ಬದಲಾಗಿದ್ದು ನಿಮಗೆ ಗೊತ್ತು, ಅವಳ ಮೈಗೆ ಇನ್ನೂ ನಂಬಿಕೆ ಬಂದಿಲ್ಲ.

ಮೊದಲು ಮಕ್ಕಳ ಡಾಕ್ಟ್ರಿಗೆ ತೋರಿಸಿ. ಹಾಸಿಗೇಲಿ ಉಚ್ಚೆ ಮಾಡೋದು ನಿಂತು ಮತ್ತೆ ಶುರುವಾದ್ರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡ್ಕೋಬೇಕು, ಎಲ್ಲಾದನ್ನೂ ಮನಸ್ಸಿನ ಮೇಲೆ ಹಾಕೋದೂ ತಪ್ಪೇ. ಅದೇನೂ ಇಲ್ಲ ಅಂದ್ರೆ ಬೈಬೇಡಿ, ನಾಲ್ಕು ಜನರ ಮುಂದೆ ಹೇಳ್ಬೇಡಿ, ಸುಮ್ನೆ ಬಟ್ಟೆ ಬದಲಾಯಿಸಿ ಮಲಗಿಸಿ. ಏಳೋದು, ಊಟ, ಮಲಗೋದು ಎಲ್ಲಾ ಆದಷ್ಟು ದಿನಾ ಒಂದೇ ಥರ ಇರ್ಲಿ, ಮುಂದೆ ಏನಾಗತ್ತೆ ಅಂತ ಗೊತ್ತಿರೋದೇ ಇಂಥ ಮಕ್ಕಳಿಗೆ ದೊಡ್ಡ ಧೈರ್ಯ. ಮಿಕ್ಸಿ ಹಾಕೋ ಮುಂಚೆ, ಜೋರು ಸದ್ದಾಗೋ ಕೆಲಸ ಮಾಡೋ ಮುಂಚೆ ಹೇಳಿ. ಮತ್ತೆ ಒಂದು ಮಾತು ಬಾಯಿ ಬಿಟ್ಟು ಹೇಳ್ಲೇಬೇಕು: ಅಪ್ಪ ಹೊಡೀತಿದ್ದಿದ್ದು ತಪ್ಪು, ಅದು ನಿನ್ನಿಂದ ಆಗಿದ್ದಲ್ಲ. ಈ ವಯಸ್ಸಿನ ಮಕ್ಕಳು ನಾನು ಹಠ ಮಾಡಿದ್ದಕ್ಕೇ ಜಗಳ ಆಯ್ತು ಅಂತ ಒಳಗೊಳಗೇ ನಂಬಿರ್ತಾರೆ, ನಾವು ಕೇಳದೇ ಇದ್ರೆ ಹೇಳೋದೂ ಇಲ್ಲ.

ಗೊಂಬೆಗಳ ಹತ್ರ ಜಗಳ ಆಡಿಸಿದ್ರೆ ತಡೀಬೇಡಿ, ಅದು ಅವಳು ಅರಗಿಸ್ಕೊಳ್ಳೋ ರೀತಿ. ಆದ್ರೆ ಅದೇ ಆಟ, ಅದೇ ಕೊನೆ, ಆಡಿ ಮುಗಿಸಿದ ಮೇಲೆ ಇನ್ನೂ ಜಾಸ್ತಿ ಹೆದರಿಕೆ, ಹೀಗೆ ನಡೀತಾ ಇದ್ರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಆಘಾತಕ್ಕೆ ಅಂತಲೇ ಇರೋ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಇದೆ, ಅಂದ್ರೆ ಯೋಚ್ನೆ, ನಡವಳಿಕೆ ಬದಲಾಯಿಸ್ಕೊಳ್ಳೋಕೆ ಕಲಿಸೋ ಮಾತಿನ ಚಿಕಿತ್ಸೆ, ಮೂರು ವರ್ಷ ದಾಟಿದ ಮಕ್ಕಳಿಗೂ ಮಾಡ್ತಾರೆ, ಸಾಮಾನ್ಯವಾಗಿ 12ರಿಂದ 16 ಭೇಟಿ ಆಗತ್ತೆ, ಅಮ್ಮನೂ ಅದರಲ್ಲಿ ಪಾಲ್ಗೊಳ್ತಾರೆ. ನಿಮ್ಮ ಗಾಯನೂ ಇದೆ, ಅದನ್ನ ಆಮೇಲೆ ನೋಡ್ಕೊಂಡ್ರಾಯ್ತು ಅನ್ಬೇಡಿ, ನಿಮ್ಮ ಮೈ ಬಿಗಿ ಸಡಿಲ ಆದಂತೆಲ್ಲಾ ಅವಳದ್ದೂ ಆಗತ್ತೆ.

ಪ್ರಶ್ನೆ: ನಾವೆಲ್ಲಾ ಏಟು ತಿಂದೇ ಬೆಳೆದವರು, ಚೆನ್ನಾಗೇ ಇದೀವಿ. ಈಗ ಮಗುಗೆ ಒಂದು ಮಾತು ಗದರಿದ್ರೂ ಟ್ರಾಮಾ ಅಂತೀರ. ಕಷ್ಟನೇ ಗೊತ್ತಿಲ್ದೆ ಬೆಳೆದ್ರೆ ಮಕ್ಕಳು ಮೆತ್ತಗಾಗಲ್ವಾ?

ಉತ್ತರ: ಕಷ್ಟ ಬೇಡ ಅಂತ ಯಾರೂ ಹೇಳ್ತಿಲ್ಲ. ಮಕ್ಕಳ ಬೆಳವಣಿಗೆ ಓದಿದವರು ಒತ್ತಡವನ್ನ ಮೂರು ಥರ ಮಾಡ್ತಾರೆ. ಪರೀಕ್ಷೆ ಹೆದರಿಕೆ, ಹೊಸ ಸ್ಕೂಲು, ಆಟದಲ್ಲಿ ಸೋಲು, ಇವೆಲ್ಲಾ ಮಗುಗೆ ಒಳ್ಳೇದೇ. ಎರಡನೇದು ದೊಡ್ಡ ಪೆಟ್ಟು, ಮನೇಲಿ ಸಾವು, ಅಪಘಾತ, ಪ್ರವಾಹ, ಆದ್ರೆ ಪಕ್ಕದಲ್ಲಿ ಗಟ್ಟಿಯಾಗಿ ನಿಂತ್ಕೊಳ್ಳೋ ದೊಡ್ಡವರಿದ್ರೆ ತಡ್ಕೊಳ್ಳತ್ತೆ. ಮೂರನೇದೇ ವಿಷ ಆಗೋದು, ಜೋರಾಗಿ, ಪದೇ ಪದೇ, ತುಂಬಾ ದಿನ ನಡೆಯೋ ಭಯ, ಅದೂ ಮಗು ಒಂಟಿಯಾಗಿ ಅನುಭವಿಸೋದು. ಒಂದು ಸಲ ಗದರಿದ್ದು ಈ ಲೆಕ್ಕಕ್ಕೆ ಬರಲ್ಲ.

ಆದ್ರೆ ಏಟು ತಿಂದೂ ಚೆನ್ನಾಗಿದೀವಿ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಚೆನ್ನಾಗಿದೀರ ಅಂದ್ರೆ ಅದು ಏಟಿನಿಂದ ಅಲ್ಲ, ಏಟಿನ ಜೊತೆಗೆ ನಿಮಗೆ ಸಿಕ್ಕ ಇನ್ಯಾವುದೋ ಪ್ರೀತಿಯಿಂದ. ಆ ಪ್ರೀತಿ ಸಿಗದೇ ಇದ್ದವರು ಇವತ್ತು ಎಲ್ಲಿದಾರೆ ಅಂತ ನಿಮ್ಮ ಜೊತೆ ಬೆಳೆದವರನ್ನೇ ಒಂದ್ಸಲ ನೆನೆಸ್ಕೊಳ್ಳಿ.

ಪ್ರಶ್ನೆ: ನನಗೆ 38. ಅಪ್ಪ ಕುಡಿದು ಬಂದು ಬೆಲ್ಟಲ್ಲಿ ಹೊಡೀತಿದ್ರು, ಅಮ್ಮ ಖಿನ್ನತೆಯಲ್ಲಿ ಎಷ್ಟೋ ದಿನ ಏಳ್ತಾನೇ ಇರ್ಲಿಲ್ಲ. ಈಗ ಒಳ್ಳೆ ಕೆಲಸ, ಹೆಂಡ್ತಿ, ಐದು ವರ್ಷದ ಮಗ. ಬಿಪಿ ಇದೆ, ನಿದ್ದೆ ಇಲ್ಲ. ಮೊನ್ನೆ ನೆಟ್ಟಲ್ಲಿ ಒಂದು ಬಾಲ್ಯದ ಸ್ಕೋರ್ ನೋಡ್ದೆ, ನಂದು ಆರು ಬಂತು, ಆಯುಷ್ಯ ಕಮ್ಮಿ ಅಂತೆಲ್ಲಾ ಇತ್ತು. ಅದಕ್ಕಿಂತ ಹೆದರಿಕೆ ಅಂದ್ರೆ ಮಗ ಹಾಲು ಚೆಲ್ಲಿದಾಗ ನಾನು ಕಿರುಚಿದ ರೀತಿ ಥೇಟ್ ಅಪ್ಪಂದೇ. ನನ್ನ ಕಥೆ ಇಷ್ಟೇನಾ?

ಉತ್ತರ: ಇಲ್ಲ. ಇಷ್ಟೇ ಅಲ್ಲ, ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ಈ ಸ್ಕೋರ್ ನೋಡಿ ನಿದ್ದೆಗೆಟ್ಟು ಬರೆದವರು ನೀವೊಬ್ರೇ ಅಲ್ಲ.

ಆ ಸ್ಕೋರ್ ಬಂದಿದ್ದು ಅಮೆರಿಕದ ಒಂದು ಅಧ್ಯಯನದಿಂದ. ವಿನ್ಸೆಂಟ್ ಫೆಲಿಟ್ಟಿ ಅನ್ನೋ ಡಾಕ್ಟ್ರು ಸ್ಯಾನ್ ಡಿಯಾಗೋದಲ್ಲಿ ದಪ್ಪ ಇಳಿಸೋ ಕ್ಲಿನಿಕ್ ನಡೆಸ್ತಿದ್ರು, ತೂಕ ಚೆನ್ನಾಗಿ ಇಳೀತಾ ಇದ್ದವರೇ ಚಿಕಿತ್ಸೆ ಬಿಟ್ಟು ಹೋಗ್ತಿದಾರಲ್ಲ ಯಾಕೆ ಅಂತ ಒಬ್ಬೊಬ್ರನ್ನೇ ಕೇಳ್ತಾ ಹೋದಾಗ ತುಂಬಾ ಜನ ಬಾಲ್ಯದ ಲೈಂಗಿಕ ದೌರ್ಜನ್ಯ ಹೇಳ್ಕೊಂಡ್ರು. ಅಲ್ಲಿಂದ ಶುರುವಾಗಿ ಅವರೂ ರಾಬರ್ಟ್ ಆಂಡಾ ಅವರೂ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಜಾಸ್ತಿ ಜನರ ಮಾಹಿತಿ ತಗೊಂಡ್ರು, ಮೊದಲ ವರದಿ 1998ರಲ್ಲಿ ಬಂತು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಎರಡು ಥರದ ನಿರ್ಲಕ್ಷ್ಯ, ಮನೇಲಿ ಕುಡಿತ, ಮಾನಸಿಕ ಕಾಯಿಲೆ, ತಾಯಿ ಮೇಲೆ ಹಿಂಸೆ, ಅಪ್ಪ ಅಮ್ಮ ಬೇರೆಯಾಗೋದು, ಮನೆಯವರು ಜೈಲಿಗೆ ಹೋಗೋದು, ಸ್ಕೋರಲ್ಲಿ ಲೆಕ್ಕಕ್ಕೆ ಬರೋದು ಹೀಗೆ ಒಟ್ಟು 10, ಒಂದೊಂದಕ್ಕೆ ಒಂದು ಅಂಕ. ಸುಮಾರು ಮೂರನೇ ಎರಡು ಭಾಗ ಜನಕ್ಕೆ ಒಂದಾದ್ರೂ ಇತ್ತು, ಅವರು ಹೆಚ್ಚಾಗಿ ಓದಿದ ಮಧ್ಯಮವರ್ಗದ ಜನ ಅನ್ನೋದು ನೆನಪಿರ್ಲಿ, ಇದು ಬಡವರ ಮನೆ ಸಮಸ್ಯೆ ಅನ್ನೋ ಮಾತು ಅಲ್ಲೇ ಬಿದ್ದುಹೋಯ್ತು. ನಾಲ್ಕು ಅಥವಾ ಜಾಸ್ತಿ ಇದ್ದವರಲ್ಲಿ ಕುಡಿತದ ಚಟ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಒಂದೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಇತ್ತು. ಹೃದಯದ ಕಾಯಿಲೆ ಕೂಡ ಜಾಸ್ತಿ.

ಆದ್ರೆ ಇದು ಸಾವಿರಾರು ಜನರ ಗುಂಪಿನ ಲೆಕ್ಕ, ನಿಮ್ಮ ಒಬ್ಬರ ಭವಿಷ್ಯ ಹೇಳೋ ಯಂತ್ರ ಅಲ್ಲ. ಒಂದು ಸಲ ಆಗಿದ್ದಕ್ಕೂ ಒಂದೇ ಅಂಕ, ಹತ್ತು ವರ್ಷ ಆಗಿದ್ದಕ್ಕೂ ಒಂದೇ. ಯಾವ ವಯಸ್ಸಲ್ಲಿ ಆಯ್ತು ಅಂತ ಅದು ಕೇಳಲ್ಲ, ಆಗ ನಿಮ್ಮನ್ನ ಯಾರು ಅಪ್ಕೊಂಡ್ರು ಅಂತಾನೂ ಕೇಳಲ್ಲ. ಅಧ್ಯಯನ ಮಾಡಿದ ಆಂಡಾ ಅವರೇ 2020ರಲ್ಲಿ ಈ ಅಂಕಿಯನ್ನ ಒಬ್ಬ ವ್ಯಕ್ತಿಗೆ ಏನಾಗತ್ತೆ ಅಂತ ಹೇಳೋಕೆ ಬಳಸಬಾರ್ದು ಅಂತ ಬರೆದಿದಾರೆ. ಹಾಗಾಗಿ ಆ ಆರನ್ನ ಹಣೆಬರಹ ಅಂದ್ಕೋಬೇಡಿ.

ಇನ್ನೊಂದು ಅಧ್ಯಯನ ಹೇಳ್ಲೇಬೇಕು, ನನಗೆ ತುಂಬಾ ಇಷ್ಟ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ನೋಡ್ತಾ ಹೋದ್ರು. ಬಡತನ, ಕುಡಿತ, ಜಗಳ ಎಲ್ಲಾ ಸೇರಿದ್ದ ಹೆಚ್ಚು ಅಪಾಯದ ಮಕ್ಕಳಲ್ಲಿ ಮೂರನೇ ಒಂದು ಭಾಗ ಆತ್ಮವಿಶ್ವಾಸ, ಕಾಳಜಿ ಇರೋ ದೊಡ್ಡವರಾಗಿ ಬೆಳೆದ್ರು, ಅವರ ಬಾಲ್ಯದಲ್ಲಿ ನಂಬೋಕಾಗೋ ಒಬ್ಬರಾದ್ರೂ ಇದ್ರು, ಅಜ್ಜಿನೋ ಟೀಚರೋ ಯಾರೋ ಒಬ್ರು. ನಿಮಗೆ ಬೇಕಾಗಿರೋದು ಇದರ ಮುಂದಿನ ಭಾಗ: ಹದಿಹರೆಯದಲ್ಲಿ ಹಾದಿ ತಪ್ಪಿದ್ದ ಉಳಿದವರಲ್ಲೂ ಹೆಚ್ಚಿನವರು ಮೂವತ್ತು ನಲವತ್ತರ ಹೊತ್ತಿಗೆ ಸರಿಹೋಗಿದ್ರು. ಒಳ್ಳೆ ಸಂಗಾತಿ, ಓದು ಮುಂದುವರಿಸೋ ಅವಕಾಶ, ಹೊಸ ಸ್ನೇಹ, ಇಂಥವೇ ತಿರುವು ಕೊಟ್ಟಿದ್ದು. ನಿಮಗೆ 38 ಅಲ್ವಾ.

ಇನ್ನು ಹಾಲಿನ ವಿಷಯ. ನಿಮ್ಮ ಬಾಲ್ಯದಲ್ಲಿ ಚಿಕ್ಕ ಸದ್ದು, ಚಿಕ್ಕ ತಪ್ಪು ಅಂದ್ರೆ ಅದರ ಹಿಂದೆ ಬೆಲ್ಟ್ ಬರೋದು ಗ್ಯಾರಂಟಿ, ಅದಕ್ಕೇ ಲೋಟ ಬಿದ್ದ ತಕ್ಷಣ ನೀವು ಯೋಚ್ನೆ ಮಾಡೋ ಮೊದಲೇ ನಿಮ್ಮ ಮೈ ರೆಡಿ ಆಗಿಬಿಡತ್ತೆ. ಇದು ಕಾರಣ, ಮಗನ ಮೇಲೆ ಕಿರುಚೋಕೆ ನೆಪ ಅಲ್ಲ, ನೀವೂ ಹಾಗೆ ಅಂದ್ಕೊಂಡಿಲ್ಲ ಅನ್ನೋದು ನಿಮ್ಮ ಪತ್ರದಲ್ಲೇ ಕಾಣತ್ತೆ. ಕಿರುಚೋ ಮುಂಚೆ ಮೈಯಲ್ಲಿ ಏನಾಗತ್ತೆ ಗಮನಿಸಿ, ಕೆಲವರಿಗೆ ದವಡೆ ಬಿಗಿಯಾಗತ್ತೆ, ಕೆಲವರಿಗೆ ಕಿವಿ ಬಿಸಿ. ಅದು ಗೊತ್ತಾದ ಕ್ಷಣ ಆ ಕೋಣೆಯಿಂದ ಆಚೆ ಬನ್ನಿ, ಉಸಿರು ನಿಧಾನವಾಗಿ, ತಗೊಂಡಿದ್ದಕ್ಕಿಂತ ಬಿಡೋದು ಉದ್ದವಾಗಿ. ಅಷ್ಟಾದ್ರೂ ಕಿರುಚಿದ್ರಿ ಅನ್ಕೊಳ್ಳಿ, ವಾಪಸ್ ಹೋಗಿ ಅವನ ಮಟ್ಟಕ್ಕೆ ಕೂತು ಹೇಳಿ, ಅಪ್ಪ ಕಿರುಚಿದ್ದು ತಪ್ಪು, ಹಾಲು ಚೆಲ್ಲೋದು ದೊಡ್ಡ ವಿಷಯ ಅಲ್ಲ, ಬಾ ಒರೆಸೋಣ. ನಿಮ್ಮಪ್ಪ ಇದನ್ನ ಒಂದು ದಿನನಾದ್ರೂ ಮಾಡಿದ್ರಾ? ಇಲ್ಲಿಂದಲೇ ನಿಮ್ಮಿಬ್ಬರ ದಾರಿ ಬೇರೆ. ಕ್ಷಮೆ ಕೇಳಿದ್ರೆ ಮಕ್ಕಳು ತಲೆ ಮೇಲೆ ಹತ್ತಿ ಕೂರ್ತಾರೆ ಅನ್ನೋದು ಸುಳ್ಳು.

ಬಿಪಿ, ನಿದ್ದೆಗೆ ಡಾಕ್ಟ್ರನ್ನ ನೋಡಿ, ಬಾಲ್ಯದ ವಿಷಯನೂ ಅವರಿಗೆ ಹೇಳಿ. ಜೊತೆಗೆ ಆಘಾತದ ಚಿಕಿತ್ಸೆ ಕಲಿತ ಮನಶ್ಶಾಸ್ತ್ರಜ್ಞರನ್ನ ಹುಡುಕಿ, ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಕಣ್ಣಿನ ಚಲನೆ ಬಳಸೋ ಇಎಂಡಿಆರ್, ಎರಡಕ್ಕೂ ಒಳ್ಳೆ ಪುರಾವೆ ಇದೆ. ಮೊದಲ ಭೇಟಿಯಲ್ಲೇ ಎಲ್ಲಾ ಕಕ್ಕಿಸೋ ಥೆರಪಿಸ್ಟ್ ಹತ್ರ ಹೋಗ್ಬೇಡಿ, ಒಳ್ಳೆಯವರು ಮೊದಲು ಸಮಾಧಾನಕ್ಕೆ ಬರೋದು ಕಲಿಸ್ತಾರೆ, ಆಮೇಲೆ ನೆನಪಿಗೆ ಕೈ ಹಾಕ್ತಾರೆ. ಸಾಯ್ಬೇಕು ಅನ್ನೋ ಯೋಚ್ನೆ ಬಂದ್ರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಆವತ್ತೇ ಹೆಂಡ್ತಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಮೇಷ್ಟ್ರು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಕ್ಲಾಸಲ್ಲಿ ನಿದ್ದೆ ಮಾಡ್ತಾನೆ, ಇಲ್ಲಾ ಪಕ್ಕದವನಿಗೆ ಹೊಡೀತಾನೆ. ಮೈ ಮೇಲೆ ಗುರುತು ನೋಡಿದೀನಿ. ಸ್ಟಾಫ್ ರೂಮಲ್ಲಿ ನಾಲ್ಕು ಬಾರಿಸಿ ಸರಿಹೋಗ್ತಾನೆ ಅಂತಾರೆ. ಅವರಪ್ಪನ್ನ ಕರೆಸಿ ಮಾತಾಡ್ಲಾ?

ಉತ್ತರ: ಮೇಷ್ಟ್ರೇ, ದಯವಿಟ್ಟು ಅಪ್ಪನ್ನ ಕರೆಸಿ ಗುರುತಿನ ಬಗ್ಗೆ ಕೇಳ್ಬೇಡಿ. ಹೊಡೆಯೋರು ಅವರೇ ಆಗಿದ್ರೆ ಆ ರಾತ್ರಿ ಹುಡುಗನಿಗೆ ಇನ್ನೂ ಜಾಸ್ತಿ ಬೀಳತ್ತೆ. ನೋಡಿದ್ದನ್ನ ದಿನಾಂಕ ಹಾಕಿ ಬರೆದಿಟ್ಟು ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಕ್ಕಳ ರಕ್ಷಣೆ ನೋಡೋ ಅಧಿಕಾರಿಗಳಿಗೆ ತಡಮಾಡದೆ ಹೇಳಿ, ಪುರಾವೆ ಹುಡುಕೋದು ಅವರ ಕೆಲಸ, ನಿಮ್ಮದಲ್ಲ. ಹುಡುಗ ತಾನಾಗೇ ಏನಾದ್ರೂ ಹೇಳಿದ್ರೆ ಪೂರ್ತಿ ಕೇಳಿ, ನೀನು ಹೇಳಿದ್ದು ಒಳ್ಳೇದಾಯ್ತು, ನಾನು ನಂಬ್ತೀನಿ ಅನ್ನಿ. ಮತ್ತೆ ಮತ್ತೆ ಕೆದಕಿ ಕೇಳ್ಬೇಡಿ, ಯಾರಿಗೂ ಹೇಳಲ್ಲ ಅಂತ ಮಾತೂ ಕೊಡ್ಬೇಡಿ, ಯಾಕಂದ್ರೆ ನೀವು ಹೇಳ್ಲೇಬೇಕು.

ನಿದ್ದೆ ಮಾಡೋ ಮಗು ಬಹುಶಃ ರಾತ್ರಿಯೆಲ್ಲಾ ಎಚ್ಚರ ಇದ್ದು ಕಾದಿರೋ ಮಗು, ಅವನ ಪಾಲಿಗೆ ನಿಮ್ಮ ಕ್ಲಾಸೇ ಕಣ್ಣು ಮುಚ್ಚೋಕಾಗೋ ಜಾಗ. ಗೋಡೆಗೆ ಬೆನ್ನಾಗಿ, ಬಾಗಿಲು ಕಾಣೋ ಕಡೆ ಕೂರಿಸಿ ನೋಡಿ, ಹಿಂದಿನಿಂದ ಹೋಗಿ ಹೆಗಲು ಮುಟ್ಬೇಡಿ. ಇನ್ನೊಬ್ಬನಿಗೆ ಹೊಡೆದ್ರೆ ತಡೀಲೇಬೇಕು, ಆದ್ರೆ ಕಿರುಚದೆ, ಎಲ್ಲರ ಮುಂದೆ ಅವಮಾನ ಮಾಡದೆ. ಸ್ಟಾಫ್ ರೂಮಿನವರಿಗೆ ಹೇಳಿ, ಬಾರಿಸಿ ಸರಿಮಾಡೋದಾಗಿದ್ರೆ ಅವನು ಮನೇಲೇ ಸರಿಹೋಗಿರ್ತಿದ್ದ.

ಪ್ರಶ್ನೆ: ಮೂರು ತಿಂಗಳ ಹಿಂದೆ ಮಗ ಅಪಘಾತದಲ್ಲಿ ಹೋದ. ಮೊಮ್ಮಗನಿಗೆ ಐದು ವರ್ಷ, ಅಪ್ಪ ದೂರದ ಊರಿಗೆ ಹೋಗಿದಾನೆ ಅಂತ ಹೇಳಿದೀವಿ. ದಿನಾ ಬಾಗಿಲ ಹತ್ರ ಕೂರ್ತಾನೆ. ದೊಡ್ಡವನಾದ್ಮೇಲೆ ಹೇಳಿದ್ರೆ ಸಾಕಾ?

ಉತ್ತರ: ಸಾಲದು ಅಮ್ಮ, ಈಗಲೇ ಹೇಳಿ. ನಿಮ್ಮ ದುಃಖದಲ್ಲಿ ಇದನ್ನ ಹೇಳೋದು ಎಷ್ಟು ಭಾರ ಅಂತ ಗೊತ್ತು, ಆದ್ರೆ ಅವನು ಈಗ ಅಪ್ಪ ನನ್ನ ಬಿಟ್ಟು ಹೋದ, ಫೋನೂ ಮಾಡಲ್ಲ, ನಾನೇನೋ ತಪ್ಪು ಮಾಡಿದೀನಿ ಅಂತ ಕೂತಿರಬಹುದು. ಅವನಮ್ಮ ಅಥವಾ ನೀವು, ಅವನಿಗೆ ತುಂಬಾ ಹತ್ರ ಇರೋರು, ಹಗಲು ಹೊತ್ತಲ್ಲಿ ಪಕ್ಕದಲ್ಲಿ ಕೂರಿಸ್ಕೊಂಡು ಚಿಕ್ಕ ಮಾತಲ್ಲಿ ಹೇಳಿ: ಗಾಡಿ ಡಿಕ್ಕಿಯಾಗಿ ಅಪ್ಪನ ಮೈಗೆ ತುಂಬಾ ಪೆಟ್ಟಾಯ್ತು, ಡಾಕ್ಟ್ರಿಗೂ ಸರಿ ಮಾಡೋಕಾಗ್ಲಿಲ್ಲ, ಅಪ್ಪ ಸತ್ತುಹೋದ್ರು, ವಾಪಸ್ ಬರೋಕಾಗಲ್ಲ, ನಿನ್ನ ತಪ್ಪೇನೂ ಇಲ್ಲ. ಮಲಗಿದಾರೆ ಅನ್ಬೇಡಿ, ಮಕ್ಕಳು ಮಲಗೋಕೇ ಹೆದರ್ತಾರೆ. ಮೊದಲು ದೂರದ ಊರು ಅಂದಿದ್ದು ಯಾಕೆ ಅಂತ ಕೇಳಿದ್ರೆ, ನಮಗೆ ಹೇಳೋಕೆ ತುಂಬಾ ಕಷ್ಟ ಆಯ್ತು ಅಂತ ನಿಜ ಹೇಳಿ.

ಹೇಳಿದ ಐದು ನಿಮಿಷಕ್ಕೆ ಅವನು ಆಟಕ್ಕೆ ಓಡಬಹುದು, ನಾಳೆ ಮತ್ತೆ ಅಪ್ಪ ಯಾವಾಗ ಬರ್ತಾನೆ ಅಂತ ಕೇಳಬಹುದು, ಈ ವಯಸ್ಸಿಗೆ ಸಾವು ಅಂದ್ರೆ ಶಾಶ್ವತ ಅನ್ನೋದು ಒಂದೇ ಸಲಕ್ಕೆ ಅರ್ಥ ಆಗಲ್ಲ. ಪ್ರತಿ ಸಲ ಅದೇ ಉತ್ತರ ಕೊಡಿ, ಮನೇಲಿ ಎಲ್ಲರೂ ಒಂದೇ ಮಾತು ಹೇಳಿ. ಅವನ ಮುಂದೆ ಅತ್ರೂ ಪರವಾಗಿಲ್ಲ. ಊಟ, ನಿದ್ದೆ, ಆಟ ವಾರಗಟ್ಟಲೆ ಬಿಟ್ಟರೆ, ಮಾತು ನಿಲ್ಲಿಸಿದ್ರೆ ಮಕ್ಕಳ ಆಪ್ತಸಮಾಲೋಚಕರ ಹತ್ರ ಕರ್ಕೊಂಡು ಹೋಗಿ, ಶಾಲೆಯ ಟೀಚರಿಗೂ ವಿಷಯ ತಿಳಿಸಿಡಿ.