ಟ್ಯೂಬಿನ ಮೇಲಿನ ಅಂಕಿ ಓದಿದಿರಾ?

ಈ ಸಲ ಆರಿಸಿದ ಐದು ಪ್ರಶ್ನೆಗಳಲ್ಲೂ ಒಂದೇ ಔಷಧ ತಲೆ ಹಾಕಿದೆ. ಸ್ಯಾಲಿಸಿಲಿಕ್ ಆಸಿಡ್. ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನು ಹಿಡಿದಿಟ್ಟ ಅಂಟನ್ನು ಇದು ಸಡಿಲಿಸುತ್ತದೆ, ಆಮೇಲೆ ಅದು ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಮಾಡುವ ಕೆಲಸ ಇಷ್ಟೇ. ಆದರೆ ಮುಖಕ್ಕೆ ಹಚ್ಚುವ ಜೆಲ್‌ನಲ್ಲಿ 2 ಪರ್ಸೆಂಟ್ ಇದ್ದರೆ, ಕಾಲಿನ ಆಣಿಗೆ ಅಂಟಿಸುವ ಪಟ್ಟಿಯಲ್ಲಿ 40 ಇರುತ್ತದೆ. ಡೊಂಬಿವಲಿಯ ಮೆಡಿಕಲ್ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಂತು ಹತ್ತಿರ ಹತ್ತಿರ ಮೂವತ್ತು ವರ್ಷ ಆಯಿತು. "ಸ್ಟ್ರಾಂಗ್ ಇರೋದು ಕೊಡಿ" ಅಂದವರಿಗೆ ಲೆಕ್ಕವಿಲ್ಲ. "ಇದರಲ್ಲಿ ಎಷ್ಟು ಪರ್ಸೆಂಟ್ ಇದೆ" ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಅಂಕಲ್, ಮೊಡವೆಗೆ ಅಂತ ಸ್ಯಾಲಿಸಿಲಿಕ್ ಫೇಸ್‌ವಾಶ್, ಅದರದ್ದೇ ಸೀರಮ್, ರಾತ್ರಿ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್, ಮೂರೂ ಹಚ್ಚುತ್ತಿದ್ದೇನೆ. ಒಂದು ವಾರದಿಂದ ಬಾಯಿಯ ಸುತ್ತ ಉರಿ, ಸಿಪ್ಪೆ. ಅಮ್ಮ ಎಲ್ಲಾ ಎಸಿ ಅಂತಾರೆ.
— ಕಾಲೇಜು ವಿದ್ಯಾರ್ಥಿನಿ, ಠಾಣೆ

ಅಮ್ಮ ಹೇಳಿದ್ದು ಅರ್ಧ ಸರಿ. ಎಸೆಯಬೇಡ, ಕಪಾಟಿನಲ್ಲಿಡು. ಉರಿ ಪೂರ್ತಿ ಇಳಿಯುವವರೆಗೆ ಮುಖ ತೊಳೆಯಲು ಒಂದು ಮೃದು ಕ್ಲೆನ್ಸರ್, ಮೇಲೆ ಸಾದಾ ಮಾಯಿಶ್ಚರೈಸರ್, ಅಷ್ಟೇ. ಆಮೇಲೆ ಮೂರರಲ್ಲಿ ಒಂದನ್ನು ಮಾತ್ರ ಶುರು ಮಾಡು, ಅದೂ ವಾರಕ್ಕೆ ಎರಡೋ ಮೂರೋ ರಾತ್ರಿ. ಮೊಡವೆಗೆ ಸ್ಯಾಲಿಸಿಲಿಕ್ ಅರ್ಧದಿಂದ 2 ಪರ್ಸೆಂಟ್ ಸಾಕು. ಈ ಔಷಧ ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಜಿಡ್ಡು ಕಟ್ಟಿದ ರಂಧ್ರದ ಒಳಗೆ ಇಳಿದು ಕೆಲಸ ಮಾಡುತ್ತದೆ, ಆದರೆ ಫಲ ಕಾಣಲು ಆರೆಂಟು ವಾರ ಬೇಕು. ನೀವೆಲ್ಲ ನಾಲ್ಕನೇ ದಿನಕ್ಕೇ ಹೊಸ ಬಾಟಲಿ ಆರ್ಡರ್ ಮಾಡ್ತೀರಿ, ಅಲ್ವಾ? ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಮರೆಯಬೇಡ. ಇನ್ನೊಂದು ಮಾತು, 20, 30 ಪರ್ಸೆಂಟಿನ ಪೀಲ್ ಬಾಟಲಿ ಆನ್‌ಲೈನಲ್ಲಿ ಸಿಗುತ್ತದೆ ಅಂತ ತರಿಸಿಬಿಡಬೇಡ. ಅದು ಡಾಕ್ಟರ್ ಎದುರಿಗೆ ಕೂತು, ಗಡಿಯಾರ ನೋಡಿಕೊಂಡು ಹಚ್ಚಿಸಿಕೊಳ್ಳುವಂಥದ್ದು.

ಅಣ್ಣಾ, ವಡಾಳದಲ್ಲಿ ಹೋಟೆಲ್ ಕೆಲಸ. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಇರ್ತೇನೆ. ಪಾದದಡಿ ಆಣಿ ಆಗಿದೆ, ಇಲ್ಲಿಯವರು ಕುರೂಪ ಅಂತಾರೆ. ಬ್ಲೇಡಲ್ಲಿ ಕೆತ್ತಿದೆ, ಮತ್ತೆ ಬಂತು. ಕಾರ್ನ್ ಕ್ಯಾಪ್ ಪಟ್ಟಿ ಹಾಕಲಾ? ಊರಿಂದ ಬಂದಿರುವ ಅಪ್ಪನಿಗೂ ಆಣಿ ಇದೆ, ಅವರಿಗೆ ಶುಗರ್.
— ಓದುಗ, ವಡಾಳ

ಮೊದಲು ಅಪ್ಪನ ವಿಷಯ. ಅವರಿಗೆ ಹಾಕಲೇಬೇಡಪ್ಪ. ಶುಗರ್ ಇದ್ದವರಿಗೆ ಪಾದದ ನರ ಜೋಮು ಹಿಡಿದಿರುತ್ತದೆ, ರಕ್ತ ಓಡಾಟವೂ ಕಮ್ಮಿ. ಪಟ್ಟಿ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ನಮ್ಮ ಅಂಗಡಿಗೆ ಬರುತ್ತಿದ್ದ ಹಿರಿಯರೊಬ್ಬರು ಒಂದು ಸಂಜೆ ಚಪ್ಪಲಿ ಬಿಚ್ಚಿ ಕಾಲು ತೋರಿಸಿದರು. ಪಟ್ಟಿ ಆಣಿಯಿಂದ ಅರ್ಧ ಇಂಚು ಪಕ್ಕಕ್ಕೆ ಜಾರಿ ಕೂತಿತ್ತು. ಅದರ ಕೆಳಗಿನ ಒಳ್ಳೆಯ ಚರ್ಮ ನೆನೆಸಿಟ್ಟ ಅವಲಕ್ಕಿಯ ಹಾಗೆ ಬೆಳ್ಳಗೆ, ನಡುವೆ ಕೆಂಪು ಗುಳಿ. "ನೋವೇ ಇಲ್ಲ ನೋಡಿ" ಅಂತ ಅವರಿಗೆ ಖುಷಿ. ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ. ಆ ಗಾಯ ಮಾಯಲು ಎರಡು ತಿಂಗಳು ಡ್ರೆಸಿಂಗ್ ಆಯಿತು. ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಈಗ ನಿನ್ನದು. ಅದು ಆಣಿಯೋ ನರಹುಲಿಯೋ ಮೊದಲು ನೋಡಿಕೋ. ಮೇಲಿನಿಂದ ನೇರ ಒತ್ತಿದರೆ ನೋವಾದರೆ ಹೆಚ್ಚಾಗಿ ಆಣಿ. ಎರಡೂ ಪಕ್ಕದಿಂದ ಹಿಂಡಿದರೆ ನೋವು, ಒಳಗೆ ಸಣ್ಣ ಕಪ್ಪು ಚುಕ್ಕಿ ಇದ್ದರೆ ನರಹುಲಿ. ಆಣಿಯೇ ಆಗಿದ್ದರೆ ರಾತ್ರಿ ಕಾಲು ತೊಳೆದು, ಪೂರ್ತಿ ಒರೆಸಿ, ಪಟ್ಟಿಯ ನಡುವಿನ ಔಷಧದ ಬಿಲ್ಲೆ ಸರಿಯಾಗಿ ಆಣಿಯ ಮೇಲೇ ಕೂರುವ ಹಾಗೆ ಅಂಟಿಸು. ಬಿಲ್ಲೆ ದೊಡ್ಡದಾದರೆ ಕತ್ತರಿಸು. ಸಾಮಾನ್ಯವಾಗಿ ಎರಡು ದಿನ ಬಿಟ್ಟು ತೆಗೆಯುವುದು, ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದು. ತೆಗೆದ ಮೇಲೆ ಬಿಸಿನೀರಲ್ಲಿ ಕಾಲಿಟ್ಟು, ಮೆತ್ತಗಾದ ಬಿಳಿ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜು. ಬ್ಲೇಡ್ ಬೇಡ. ಹೀಗೆ ಎರಡು ವಾರ ಮಾಡಿಯೂ ಹೋಗದಿದ್ದರೆ ನಿಲ್ಲಿಸಿ ತೋರಿಸು. ನಿನ್ನ ಅಡುಗೆಮನೆಯ ನೆಲ ಯಾವಾಗಲೂ ಒದ್ದೆ ಇರುತ್ತದೆ ಅಂತ ಗೊತ್ತು, ಪಟ್ಟಿ ಜಾರುವುದು ಅಲ್ಲೇ, ಹಾಗಾಗಿ ಮೇಲೊಂದು ಟೇಪ್ ಸುತ್ತು, ದಿನಾ ಒಮ್ಮೆ ನೋಡು. ಆಣಿ ಬಂದಿದ್ದು ಒತ್ತಡದಿಂದ. ಸವೆದ ಹವಾಯಿ ಚಪ್ಪಲಿಯಲ್ಲೇ ಮತ್ತೆ ಹನ್ನೆರಡು ಗಂಟೆ ನಿಂತರೆ ನಾನು ಎಷ್ಟು ಪಟ್ಟಿ ಮಾರಿದರೂ ಅದು ಬರುತ್ತದೆ.

ಎಂಟು ವರ್ಷದ ಮಗನ ಬೆರಳಲ್ಲಿ ನಾಲ್ಕು ನರಹುಲಿ. ಪಕ್ಕದ ಮನೆಯವರು ಚಾಮಖೀಳದ (ಮರಾಠಿಯಲ್ಲಿ ನರಹುಲಿ) ಔಷಧ ಅಂತ ಒಂದು ಬಾಟಲಿ ಕೊಟ್ಟರು. ಹಚ್ಚಬಹುದೇ ಸರ್?
— ಗೃಹಿಣಿ, ಕಲ್ಯಾಣ್

ಬೇರೆಯವರ ಬಾಟಲಿ ವಾಪಸ್ ಕೊಡಿ ಅಮ್ಮ. ನರಹುಲಿ ವೈರಸ್ಸಿಂದ ಬರುವುದು. ಮಕ್ಕಳಲ್ಲಿ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನಾಗಿಯೇ ಉದುರುತ್ತದೆ, ಸುಮ್ನೆ ಬಿಟ್ಟರೂ ತಪ್ಪಿಲ್ಲ. ಔಷಧ ಬೇಕೇ ಬೇಕು ಅಂದರೆ ಒಮ್ಮೆ ಮಕ್ಕಳ ಡಾಕ್ಟರ್ ಕಣ್ಣಿಗೆ ಬೀಳಲಿ. ಈ ಬಾಟಲಿಗಳಲ್ಲಿ ಸಾಮಾನ್ಯವಾಗಿ 16.7 ಪರ್ಸೆಂಟ್ ಸ್ಯಾಲಿಸಿಲಿಕ್, ಅಷ್ಟೇ ಲ್ಯಾಕ್ಟಿಕ್ ಆಸಿಡ್ ಇರುತ್ತದೆ. ಬೆರಳನ್ನು ಐದು ನಿಮಿಷ ಬಿಸಿನೀರಲ್ಲಿಟ್ಟು ಒರೆಸಿ, ನರಹುಲಿಯ ಸುತ್ತ ವ್ಯಾಸಲೀನ್ ಬಳಿದು, ಕಡ್ಡಿಯಿಂದ ಒಂದು ಹನಿ ಮಾತ್ರ ಮೇಲಿಟ್ಟು ಒಣಗಲು ಬಿಡಿ. ದಿನಕ್ಕೊಮ್ಮೆ. ಹನ್ನೆರಡು ವಾರದವರೆಗೂ ಹಿಡಿಯಬಹುದು. ನಾನು ಹುಡುಗನಾಗಿದ್ದಾಗ ಅವಸರಕ್ಕೆ ವ್ಯಾಸಲೀನ್ ಇಲ್ಲದೆ ಹಚ್ಚಿಕೊಂಡಿದ್ದೆ. ನರಹುಲಿ ಹೋಯಿತು, ತೋರುಬೆರಳ ಪಕ್ಕದ ಬಿಳಿ ಕಲೆ ಇವತ್ತಿಗೂ ಹೋಗಿಲ್ಲ.

ಮುಖದ ನರಹುಲಿ, ಹುಟ್ಟು ಮಚ್ಚೆ, ಗುಪ್ತಾಂಗದ ಗಂಟು, ಇವಕ್ಕೆ ಮುಟ್ಟಿಸಲೇಬಾರದು. ಈ ದ್ರವ ಬೆಂಕಿ ಬೇಗ ಹಿಡಿಯುತ್ತದೆ, ದೇವರ ದೀಪದ ಹತ್ತಿರ ಬಾಟಲಿ ಇಡಬೇಡಿ. ಮಗುವಿಗೆ ಚಿಕನ್‌ಪಾಕ್ಸ್ ಅಥವಾ ಫ್ಲೂ ಜ್ವರ ಬಂದರೆ ನಿಲ್ಲಿಸಿ. ಇದು ಆಸ್ಪಿರಿನ್‌ನ ದಾಯಾದಿ, ಆಸ್ಪಿರಿನ್ ಆಗದವರಿಗೆ ಇದೂ ಆಗದಿರಬಹುದು.

ಹತ್ತು ವರ್ಷದಿಂದ ಸೋರಿಯಾಸಿಸ್. 6 ಪರ್ಸೆಂಟ್ ಮುಲಾಮು ಕೈ, ಕಾಲು, ಬೆನ್ನು ಎಲ್ಲ ಕಡೆ ಹಚ್ಚಿ, ಬೇಗ ಗುಣವಾಗಲಿ ಅಂತ ಪ್ಲಾಸ್ಟಿಕ್ ಸುತ್ತಿ ಮಲಗುತ್ತೇನೆ. ಈಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಸಂಬಂಧ ಇದೆಯೇ?
— ನಿವೃತ್ತ ಕಾರ್ಮಿಕರು, ಚಿಂಚವಡ

ಇರಬಹುದು, ಇವತ್ತೇ ನಿಲ್ಲಿಸಿ. ಪತ್ರಿಕೆ ಕೈಗೆ ಬಂದ ದಿನವೇ ಡಾಕ್ಟರ್ ಹತ್ತಿರ ಹೋಗಿ. ಹಚ್ಚಿದ್ದು ಚರ್ಮದಿಂದ ರಕ್ತಕ್ಕೂ ಸೇರುತ್ತದೆ, ಪ್ಲಾಸ್ಟಿಕ್ ಸುತ್ತಿದರೆ ಇನ್ನೂ ಜಾಸ್ತಿ. ಕಿವಿ ಗುಂಯ್ ಅನ್ನುವುದು, ತಲೆ ಸುತ್ತು, ವಾಕರಿಕೆ, ಉಸಿರು ಜೋರಾಗುವುದು ಇವೆಲ್ಲ ಆಗ ಬರುವ ಲಕ್ಷಣಗಳು. ಉಸಿರು ಜೋರಾದರೆ ನೇರ ಆಸ್ಪತ್ರೆಗೆ. ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಮೈಯ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗಕ್ಕೆ ಹಚ್ಚಬಾರದು. ಅಂದಾಜಿಗೆ, ಬೆರಳೂ ಸೇರಿ ನಿಮ್ಮ ಒಂದು ಅಂಗೈ ಮೈಯ 1 ಪರ್ಸೆಂಟ್. ಹೀಗೆ ಅಳೆದು ನೋಡಿ, ಬೆನ್ನೊಂದೇ ಎಷ್ಟು ಅಂಗೈ ತಿನ್ನುತ್ತದೆ ಅಂತ.

ನೀವು ಸೋರಿಯಾಸಿಸ್‌ಗೇ ಕೊಡುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮನ್ನೂ ಹಚ್ಚುತ್ತೀರಿ ಅಂತ ಪತ್ರದ ಕೊನೆಯಲ್ಲಿದೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಸ್ಯಾಲಿಸಿಲಿಕ್ ಅದನ್ನು ಕೆಡಿಸಿಬಿಡುತ್ತದೆ, ದುಬಾರಿ ಟ್ಯೂಬ್ ದಂಡ. ಬೆಳಕಿನ ಚಿಕಿತ್ಸೆಗೆ ಹೋಗುವ ಮುಂಚೆಯೂ ಇದನ್ನು ಹಚ್ಚಬೇಡಿ, ಬೆಳಕನ್ನೇ ತಡೆಯುತ್ತದೆ.

ತೊಡೆಸಂದಿಯಲ್ಲಿ ಹುಳುಕಡ್ಡಿ ಆಗೈತ್ರೀ. ಅಂಗಡ್ಯಾಗ ಕೊಟ್ಟ ಮುಲಾಮು ಹಚ್ಚಿದ್ರ ಎರಡು ದಿನ ಆರಾಮ, ಬಿಟ್ರ ಮತ್ತ ಹರಡತೈತಿ.
— ಡ್ರೈವರ್, ವಾಸ್ಕೊ, ಗೋವಾ

ಅದರಲ್ಲಿ ಸ್ಯಾಲಿಸಿಲಿಕ್ ಜೊತೆ ಸ್ಟೀರಾಯ್ಡ್ ಇದೆ ಅಂತ ನನ್ನ ಗುಮಾನಿ ರೀ. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಇಂಥ ಹೆಸರು. ಸ್ಟೀರಾಯ್ಡ್ ತುರಿಕೆ ಅಡಗಿಸುತ್ತದೆ, ಒಳಗೆ ಫಂಗಸ್ ಹಾಯಾಗಿ ಬೆಳೆಯುತ್ತದೆ. 2018ರಲ್ಲೇ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂದಿದೆ, ಆದರೂ ಕೈಗೆ ಸಿಗುತ್ತದೆ, ನಮ್ಮ ಧಂದೆಯವರ ತಪ್ಪು ಅದು, ಒಪ್ಪುತ್ತೇನೆ. ತೊಡೆಸಂದಿಯ ತೆಳು ಚರ್ಮಕ್ಕೆ ಸಿಪ್ಪೆ ಎಬ್ಬಿಸುವ ಔಷಧ ಬೇಡ, ಉರಿದು ಕೂರಲೂ ಆಗುವುದಿಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ. ಅಲ್ಲಿಗೆ ಹೋಗುವಾಗ ಆ ಟ್ಯೂಬನ್ನೂ ಜೇಬಲ್ಲಿ ಹಾಕಿಕೊಳ್ಳಿ, ಹೆಸರು ಅಳಿಸಿಹೋಗಿದ್ದರೂ ಚಿಂತೆಯಿಲ್ಲ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬರೆದಿದ್ದು ಕಂಡರೆ ಸಾಕು.