ಸಿಪಿಯು ಸುಮ್ಮನಿದೆ, ಸೈಟ್ ಯಾಕೆ ನಿಂತಿದೆ?

ಪ್ರಶ್ನೆ: ಮೂಡಿಗೆರೆ, ಕಳಸ ಕಡೆಯ ಹೋಂಸ್ಟೇಗಳಿಗೆ ರೂಮು ಬುಕ್ ಮಾಡುವ ಸೈಟನ್ನು ಪೈಥಾನ್‌ನ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟಿನಲ್ಲಿ ಮಾಡಿದ್ದೇವೆ. ಸರ್ವರ್‌ಗೆ 2 ಕೋರ್, 4 ಜಿಬಿ ರ‍್ಯಾಮ್. ಸೈಟನ್ನು ಓಡಿಸುವ ಗುನಿಕಾರ್ನ್‌ನಲ್ಲಿ 5 ವರ್ಕರ್ (ರಿಕ್ವೆಸ್ಟ್‌ಗಳಿಗೆ ಉತ್ತರಿಸುವ ಪ್ರೊಸೆಸ್), ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬುಕಿಂಗ್ ಆದಕೂಡಲೇ ಅದೇ ರಿಕ್ವೆಸ್ಟ್‌ನಲ್ಲಿ ಎಸ್ಸೆಮ್ಮೆಸ್ ಹೋಗುತ್ತದೆ. ಶುಕ್ರವಾರ ಸಂಜೆ ಸೈಟ್ ತೆರೆಯುವುದೇ ಇಲ್ಲ, ಸಿಪಿಯು ಮಾತ್ರ ಶೇ. 10 ದಾಟುವುದಿಲ್ಲ. 40 ವರ್ಕರ್, ತಲಾ 4 ಥ್ರೆಡ್ (ಒಂದೇ ವರ್ಕರ್ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಮಾಡಿ ನೋಡಿದೆವು. ಈಗ ಡೇಟಾಬೇಸೇ ‘ಟೂ ಮೆನಿ ಕ್ಲೈಂಟ್ಸ್’ ಎನ್ನುತ್ತಿದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ತೊಂದರೆ ಆ ಎಸ್ಸೆಮ್ಮೆಸ್‌ನಲ್ಲಿದೆ. ಗುನಿಕಾರ್ನ್‌ನ ಮಾಮೂಲಿ ವರ್ಕರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಹಿಡಿಯುತ್ತದೆ. ಎಸ್ಸೆಮ್ಮೆಸ್ ಗೇಟ್‌ವೇ ಉತ್ತರಿಸಲು 3 ಸೆಕೆಂಡ್ ತೆಗೆದುಕೊಂಡರೆ 5 ವರ್ಕರ್‌ಗಳಿಂದ ನಿಮಿಷಕ್ಕೆ 100 ಬುಕಿಂಗ್ ಆದೀತು. 20 ಸೆಕೆಂಡ್ ಆದರೆ ಬರೀ 15. ಅಷ್ಟೂ ಹೊತ್ತು ವರ್ಕರ್ ಕಾಯುತ್ತಿರುತ್ತದೆ ಹೊರತು ದುಡಿಯುತ್ತಿರುವುದಿಲ್ಲ. ಸಿಪಿಯು ಖಾಲಿ ಕಾಣುವುದು ಅದಕ್ಕೇ. 30 ಸೆಕೆಂಡ್ ದಾಟಿತೆಂದರೆ ಗುನಿಕಾರ್ನ್ ಆ ವರ್ಕರನ್ನೇ ಕೊಂದು ಹೊಸದನ್ನು ಎಬ್ಬಿಸುತ್ತದೆ. ಲಾಗ್‌ನಲ್ಲಿ ‘ವರ್ಕರ್ ಟೈಮೌಟ್’ ಹುಡುಕಿ. ಆ 30 ಅನ್ನು 120 ಮಾಡುವ ಆಸೆಗೆ ಬೀಳಬೇಡಿ, ಕಾಯುವವರ ಸಾಲು ಇನ್ನೂ ಉದ್ದವಾಗುತ್ತದೆ ಅಷ್ಟೆ.

ನಿಮ್ಮ ಹೊಸ ಲೆಕ್ಕದಲ್ಲಿ 40 × 4 ಅಂದರೆ 160 ಥ್ರೆಡ್‌ಗಳು ಡೇಟಾಬೇಸ್ ಬಾಗಿಲು ತಟ್ಟಬಹುದು. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100 ಸಂಪರ್ಕ. ಮೇಲಾಗಿ ಪ್ರತಿ ವರ್ಕರ್ ಬೇರೆಯೇ ಪ್ರೊಸೆಸ್: ತಲಾ 100 ಎಂಬಿ ಹಿಡಿದರೂ ನಿಮ್ಮ 4 ಜಿಬಿ ಅಲ್ಲಿಗೇ ಮುಗಿಯಿತು.

3 ವರ್ಕರ್, ತಲಾ 8 ಥ್ರೆಡ್‌ನಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಪೈಥಾನ್‌ನ ಜಿಐಎಲ್ ಬೀಗ ನೆಟ್‌ವರ್ಕ್‌ಗೆ ಕಾಯುವಾಗ ಸಡಿಲವಾಗುತ್ತದೆ, ಹಾಗಾಗಿ ನಿಮ್ಮಂಥ ಕೆಲಸಕ್ಕೆ ಥ್ರೆಡ್ ಒಗ್ಗುತ್ತದೆ. ಎಸ್ಸೆಮ್ಮೆಸ್ಸನ್ನು ಸೆಲರಿ (ಹಿನ್ನೆಲೆಯಲ್ಲಿ ಕೆಲಸ ಮುಗಿಸುವ ಸಾಧನ) ಮತ್ತು ರೆಡಿಸ್ (ಆ ಸರದಿಯನ್ನು ಇಟ್ಟುಕೊಳ್ಳುವ ಜಾಗ) ಮೂಲಕ ಹಿನ್ನೆಲೆಯ ಸರದಿಗೆ ತಳ್ಳಿ – ಅದೂ ಡೇಟಾಬೇಸ್ ಕಮಿಟ್ ಆದ, ಅಂದರೆ ಬುಕಿಂಗ್ ಖಾಯಂ ಆಗಿ ಬರೆದಾದ ಮೇಲೆ. ಮೊದಲೇ ತಳ್ಳಿದರೆ ಸೆಲರಿ ಓಡಿಬಂದು ಹುಡುಕುವಾಗ ಬುಕಿಂಗ್ ಇನ್ನೂ ಟೇಬಲ್‌ನಲ್ಲಿ ಇರುವುದಿಲ್ಲ. ಪೇಮೆಂಟ್ ಗೇಟ್‌ವೇ ಥರ ಹೊರಗಿನ ಪ್ರತಿ ಕರೆಗೂ ಟೈಮೌಟ್ ಕೊಡಿ: ಸಂಪರ್ಕಕ್ಕೆ 3 ಸೆಕೆಂಡ್, ಉತ್ತರಕ್ಕೆ 10. ಪೈಥಾನ್‌ನಲ್ಲಿ ಇಂಥ ಕರೆಗೆ ಬಳಸುವ ‘ರಿಕ್ವೆಸ್ಟ್ಸ್’ ಲೈಬ್ರರಿ ತಾನಾಗಿ ಯಾವ ಮಿತಿಯನ್ನೂ ಹಾಕಿಕೊಳ್ಳುವುದಿಲ್ಲ. ಥ್ರೆಡ್ ಬಳಸುವಾಗ ಗುನಿಕಾರ್ನ್‌ನ 30 ಸೆಕೆಂಡ್ ಕತ್ತರಿಯೂ ಸಿಕ್ಕಿಬಿದ್ದ ಒಂದು ರಿಕ್ವೆಸ್ಟನ್ನು ಬಿಡಿಸದು.

ಗುನಿಕಾರ್ನ್ ಮುಂದೆ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಇರಲೇಬೇಕು, ಅದರ ಬಫರಿಂಗ್ (ಪುಟವನ್ನು ತಾನೇ ಹಿಡಿದಿಟ್ಟುಕೊಂಡು ಕಳಿಸುವುದು) ಆಫ್ ಮಾಡಬೇಡಿ. ಘಾಟಿಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವ ಫೋನ್ ಪುಟವನ್ನು ನಿಧಾನ ಎಳೆದುಕೊಳ್ಳುವವರೆಗೆ ಕಾಯುವ ಕೆಲಸ ಅದರದ್ದು, ಪೈಥಾನ್‌ನದ್ದಲ್ಲ.

ಪ್ರಶ್ನೆ: ಒಂದೇ ರೂಮು ಒಂದೇ ರಾತ್ರಿಗೆ ಇಬ್ಬರಿಗೆ ಬುಕ್ ಆಗುತ್ತಿದೆ. ಕೋಡ್‌ನಲ್ಲಿ ಥ್ರೆಡ್ ಲಾಕ್ ಹಾಕಿದರೂ ನಿಂತಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ಆ ಲಾಕ್ ಒಂದು ಪ್ರೊಸೆಸ್ ಒಳಗೆ ಮಾತ್ರ ನಡೆಯುತ್ತದೆ, ಪಕ್ಕದ ವರ್ಕರ್‌ಗೆ ಅದರ ಸುದ್ದಿಯೇ ಇಲ್ಲ. ‘ಖಾಲಿ ಇದೆಯಾ’ ಎಂದು ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ಡೇಟಾಬೇಸ್ ಟೇಬಲ್‌ನಲ್ಲಿ ರೂಮು ಮತ್ತು ತಾರೀಖಿನ ಪ್ರತಿ ಜೋಡಿಗೆ ಒಂದು ಸಾಲು ಇಡಿ, ಅದೇ ಜೋಡಿ ಎರಡು ಸಲ ಬರದಂತೆ ಯೂನಿಕ್ ನಿರ್ಬಂಧ ಹಾಕಿ. ಎರಡನೆಯವರಿಗೆ ‘ಇಂಟಿಗ್ರಿಟಿ ಎರರ್’ ಬರುತ್ತದೆ. ರೋಲ್‌ಬ್ಯಾಕ್ ಮಾಡಿ (ಅರ್ಧ ಬರೆದದ್ದನ್ನು ರದ್ದು ಮಾಡಿ) ರೂಮು ಹೋಯಿತೆಂದು ಹೇಳಿ. ಹಣ ಕೇಳುವ ಮೊದಲೇ ಸಾಲು ಬರೆದು 10 ನಿಮಿಷ ಹಿಡಿದಿಡಿ, ಪಾವತಿಯಾಗದಿದ್ದರೆ ಅಳಿಸಿ. ಹಣ ಪಡೆದ ಮೇಲೆ ರೂಮಿಲ್ಲ ಎಂದರೆ ಬೈಗುಳ ಗ್ಯಾರಂಟಿ.

ಪ್ರಶ್ನೆ: ಫ್ಲಾಸ್ಕ್ ಫಂಕ್ಷನ್‌ಗಳ ಮುಂದೆ ‘ಅಸಿಂಕ್’ (ಕಾಯುವ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಬಿಡುವು ಕೊಡುವ ಪದ) ಸೇರಿಸಿದರೆ ಸಾಲದೇ?
– ಓದುಗರು, ಹಾಸನ

ಉತ್ತರ: ಸಾಲದು. ಫ್ಲಾಸ್ಕ್‌ನಲ್ಲಿ ಅಸಿಂಕ್ ಬರೆದರೂ ಒಂದು ರಿಕ್ವೆಸ್ಟ್ ಒಂದು ವರ್ಕರ್ ಅಥವಾ ಥ್ರೆಡ್ಡನ್ನು ಹಿಡಿದೇ ಇರುತ್ತದೆ. ಫಾಸ್ಟ್‌ಎಪಿಐ ಎಂಬ ಇನ್ನೊಂದು ಚೌಕಟ್ಟಿಗೆ ಹೋದರೂ ಅಸಿಂಕ್ ಫಂಕ್ಷನ್ ಒಳಗೆ ಹಳೆಯ ‘ರಿಕ್ವೆಸ್ಟ್ಸ್’ ಕರೆದಿರೋ, ಆ ಪ್ರೊಸೆಸ್‌ನಲ್ಲಿರುವ ಎಲ್ಲರೂ ನಿಲ್ಲುತ್ತಾರೆ. ಅಲ್ಲಿ ‘ಎಚ್‌ಟಿಟಿಪಿಎಕ್ಸ್’‌ನ ಅಸಿಂಕ್ ಕ್ಲೈಂಟ್ ಬಳಸಿ. ಇಲ್ಲವೇ ಅಸಿಂಕ್ ಬಿಟ್ಟು ಬರೀ ‘ಡೆಫ್’ ಎಂದು ಬರೆಯಿರಿ, ಫಾಸ್ಟ್‌ಎಪಿಐ ಅದನ್ನು ಥ್ರೆಡ್‌ಗಳಲ್ಲಿ ಓಡಿಸುತ್ತದೆ – ಮೂಲ ಮಿತಿ 40 ಥ್ರೆಡ್.